ಲಾರಿ ದಾಟಿದ ದಿನ

"ಈ ನದಿಗೆ ಸೇತುವೆ ಅಂತ ಒಂದು ಆದ್ರೆ, ಅದರ ಮೇಲೆ ಲಾರಿ ದಾಟಿದ ದಿನಾನೇ ನಾನೂ ದಾಟ್ತೀನಿ. ನನ್ನ ಕಾಲಲ್ಲೇ ನಡ್ಕೊಂಡು ಬರ್ತೀನಿ. ನಿನ್ನ ಮನೇಲಿ ಕೂತು ಊಟ ಮಾಡ್ತೀನಿ. ನೀನು ಬಡಿಸ್ಬೇಕು, ಅಷ್ಟೇ."

ಅಕ್ಕ ಈ ಮಾತು ಕೊಟ್ಟಾಗ ಸೇತುವೆಯ ಸುದ್ದಿ ಯಾರ ಬಾಯಲ್ಲೂ ಇರಲಿಲ್ಲ. ನಾನು ಮೊದಲ ಕೆಲಸಕ್ಕೆಂದು ಟ್ರಂಕು ಹಿಡಿದು, ಈಗ ನಾನಿರುವ ಈಚೆ ದಡಕ್ಕೆ ಹೊರಟಿದ್ದೆ. ಹೊಸ ರೂಮಿಗೆ ಬಿಟ್ಟು ಬರುತ್ತೇನೆಂದು ಅಕ್ಕನೂ ಲಾಂಚು ನಿಲ್ಲುವ ದಕ್ಕೆಗೆ ಬಂದಿದ್ದಳು. ಲಾಂಚಿನ ಹಲಗೆಯ ಮೇಲೆ ಒಂದು ಕಾಲಿಟ್ಟಳು. ಅಷ್ಟರಲ್ಲಿ ಎಂಜಿನ್ ಗುಡುಗಿತು. ಕಾಲು ಹಿಂದಕ್ಕೆಳೆದುಕೊಂಡ ರಭಸಕ್ಕೆ ಜಾರಿ, ಮಂಡಿಯವರೆಗೆ ಕೆಸರಲ್ಲಿ ಹೂತು ನಿಂತಳು. ಲಾಂಚಿನಲ್ಲಿದ್ದವರೆಲ್ಲ ನಕ್ಕರು.

"ಇವ್ರನ್ನ ಹತ್ತಿಸ್ಕೊಂಡ್ರೆ ಲಾಂಚ್ ಹೊರಡೋದೇ ಇಲ್ಲ, ಲಂಗರು ಹಾಕ್ದಂಗೆ," ಎಂದ ಲಾಂಚು ನಡೆಸುವ ಅಣ್ಣ.

ಆವತ್ತಿನಿಂದ ಆ ದಡದವರಿಗೆಲ್ಲ ಅಕ್ಕ ಲಂಗರಮ್ಮ. ಕೆಸರಲ್ಲಿ ನಿಂತುಕೊಂಡೇ, ಮೈಮೇಲೆ ರೇಷ್ಮೆ ಉಟ್ಟವಳ ಗತ್ತಿನಲ್ಲಿ, ಅವಳು ನನಗೆ ಆ ಮಾತು ಕೊಟ್ಟಿದ್ದು. ಜನ ಇನ್ನೊಮ್ಮೆ ನಕ್ಕರು. ನಾನು ನಗಲಿಲ್ಲ. ಅಕ್ಕ ಹಾಗೆಲ್ಲ ಮಾತು ಕೊಡುವವಳಲ್ಲ.

ಅಪ್ಪ ಮರಳು ತುಂಬುವ ದೋಣಿಯವನು. ಒಂದು ಸಂಜೆ ದೋಣಿ ಸಿಕ್ಕಿತು, ಅಪ್ಪ ಸಿಗಲಿಲ್ಲ. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ಅಕ್ಕನಿಗೆ ಆಗಿನ್ನೂ ಎರಡು ಜಡೆ. ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಹೋಟೆಲುಗಳ ಚಾದರ ಇಸ್ತ್ರಿ ಮಾಡುತ್ತಾ ನನ್ನನ್ನು ಬೆಳೆಸಿದಳು. ಮಡಿಚಿಟ್ಟ ಬಿಸಿ ಚಾದರಗಳ ಮೇಲೆ ಪುಸ್ತಕ ಇಟ್ಟುಕೊಂಡು ನಾನು ಓದಿದೆ. ಇವತ್ತಿಗೂ ಗಂಜಿ ಹಾಕಿದ ಬಟ್ಟೆಯ ವಾಸನೆ ಬಂದರೆ ನನಗೆ ಮಗ್ಗಿ ನೆನಪಾಗುತ್ತದೆ. ಬರಬರುತ್ತಾ ಆ ಅಂಗಡಿಯೇ ಅವಳ ಕೈಗೆ ಬಂತು. ನೀರಿನ ಭಯ ಮಾತ್ರ ಹೋಗಲಿಲ್ಲ. ಭಯ ಅಂದರೆ ಅವಳು ಒಪ್ಪುವುದಿಲ್ಲ.

"ಚುಕ್ಕಾಣಿ ಇನ್ನೊಬ್ಬರ ಕೈಲಿರೋ ಯಾವ್ದ್ರಲ್ಲೂ ನಾನು ನೀರು ದಾಟಲ್ಲ. ಅಪ್ಪನಿಗಿಂತ ಚೆನ್ನಾಗಿ ಚುಕ್ಕಾಣಿ ಹಿಡಿಯೋನು ಯಾರಿದ್ದಾನೆ, ತೋರ್ಸು ನೋಡೋಣ," ಅನ್ನುತ್ತಾಳೆ.

ಹಾಗಾಗಿ ನಾನು ಮದುವೆಯಾಗಿ ಹೋದ ಮನೆಗೆ ಅಕ್ಕ ಬರಲಿಲ್ಲ. ಮಗಳು ಹುಟ್ಟಿದಾಗ ಬರಲಿಲ್ಲ. ಮಗಳಿನ್ನೂ ಅಂಬೆಗಾಲಿಡುತ್ತಿದ್ದಾಗ ನನ್ನ ಗಂಡ ಜ್ವರದಲ್ಲಿ ತೀರಿಕೊಂಡರು, ಆಗಲೂ ಬರಲಿಲ್ಲ. ಆವತ್ತು ದಕ್ಕೆಯ ತನಕ ಬಂದು, ಹಲಗೆ ಹತ್ತಿ, ಇಳಿದು, ಮತ್ತೆ ಹತ್ತಿ, ಕೊನೆಗೆ ಹಲಗೆಯ ಮೇಲೇ ಕೂತು ಅತ್ತಳಂತೆ. ಲಾಂಚಿನಣ್ಣ ಆಮೇಲೆ ಹೇಳಿದ. ಅವತ್ತು ಅವನು ನಗಲಿಲ್ಲವಂತೆ.

ಮಾರನೇ ಬೆಳಿಗ್ಗೆ ಮೊದಲ ಲಾಂಚಿನಲ್ಲಿ ಅಕ್ಕನ ಬದಲು ಒಂದು ಸ್ಟೀಲಿನ ಕ್ಯಾರಿಯರ್ ಬಂತು. ಒಂದರ ಮೇಲೊಂದು ಡಬ್ಬಿ, ಇನ್ನೂ ಬಿಸಿಯಾಗಿತ್ತು. ಅಂದಿನಿಂದ ಅದು ಬರುವುದು ತಪ್ಪಲಿಲ್ಲ. ನಾನು ಬೆಳಕು ಹರಿಯುವ ಮುಂಚೆ ಕೆಲಸಕ್ಕೆ ಓಡಬೇಕು, ಮಗಳು ತಿಂದು ಶಾಲೆಗೆ ಹೋಗಬೇಕು. ಎರಡೂ ನಡೆದದ್ದು ಆ ಡಬ್ಬಿಯಿಂದ. ಸಂಜೆಯ ಲಾಂಚಿಗೆ ಡಬ್ಬಿ ವಾಪಸ್ಸು. ಖಾಲಿ ಕಳಿಸಲು ಮನಸ್ಸು ಬಾರದೆ ಮಗಳು ಅದರಲ್ಲಿ ಏನಾದರೂ ಇಡುತ್ತಿದ್ದಳು: ಒಂದು ನಿಂಬೆಹಣ್ಣು, ಬಿದ್ದ ಹಲ್ಲು, ಶಾಲೆಯಲ್ಲಿ ಬಿಡಿಸಿದ ಬೆಕ್ಕಿನ ಚಿತ್ರ. ಹಲ್ಲು ನೋಡಿ ಅಕ್ಕ ಫೋನು ಮಾಡಿದಳು. "ಅಕ್ಕೀಲಿ ಕಲ್ಲು ಇತ್ತೇನೋ ಅಂದ್ಕೊಂಡು ಎದೆ ಧಸಕ್ ಅಂತು ಕಣೇ."

ರಜೆಯ ದಿನ ನಾನೂ ಮಗಳೂ ಆಚೆಗೆ ಹೋಗಿ ಬರುತ್ತಿದ್ದೆವು. ಹೊತ್ತು ಹೊತ್ತಿಗೆ ಬಡಿಸುತ್ತಿದ್ದವಳು ಅವಳೇ. ಒಂದು ತುತ್ತು ನಾನು ಬೇಯಿಸಿ ಅವಳೆದುರು ಇಟ್ಟದ್ದಿಲ್ಲ. ಅವಳ ಅಡುಗೆಮನೆಯಲ್ಲಿ ನಾನು ಸೌಟು ಮುಟ್ಟಿದರೆ, "ಇಡು ಅದನ್ನ, ಪಾಪ ಅದೇನು ಮಾಡಿತ್ತು ನಿನಗೆ," ಅನ್ನುತ್ತಿದ್ದಳು.

ಆಮೇಲೆ ನಿಜವಾಗಿಯೂ ಸೇತುವೆ ಬಂತು. ಹೆದ್ದಾರಿಯ ಸೇತುವೆ. ನನಗೆ ಅದರಲ್ಲೇ ಸರ್ವೆ ಕೆಲಸ ಸಿಕ್ಕಿತು. ದುರ್ಬೀನಿನಂಥ ಯಂತ್ರ ನಿಲ್ಲಿಸಿ, ಕಟ್ಟಿದ್ದು ಎಷ್ಟು ಎತ್ತರದಲ್ಲಿದೆ, ಎತ್ತ ವಾಲಿದೆ ಎಂದು ನೋಡಿ ಹೇಳುವುದು ನನ್ನ ಕೆಲಸ. ನದಿಯೊಳಗೆ ಎರಡು ಕಂಬಗಳು ಎದ್ದವು, ಆಚೆಗೊಂದು, ಈಚೆಗೊಂದು. ಒಂದೊಂದು ಕಂಬದಿಂದಲೂ ಎರಡು ಕಡೆಗೆ ಸಮಸಮವಾಗಿ ರಸ್ತೆಯ ತುಂಡುಗಳನ್ನು ಜೋಡಿಸುತ್ತಾ ಹೋಗಬೇಕು. ಪ್ರತಿ ತುಂಡನ್ನೂ ಕಂಬದ ತುದಿಯಿಂದ ಬಂದ ದಪ್ಪ ಕೇಬಲ್ಲು ಎತ್ತಿ ಹಿಡಿಯುತ್ತದೆ. ಹೀಗೆ ಆಚೆಯಿಂದ ಒಂದು ತೋಳು, ಈಚೆಯಿಂದ ಒಂದು ತೋಳು ನೀರಿನ ಮೇಲೆ ಚಾಚಿಕೊಂಡು ಬರುತ್ತವೆ, ನಡುವೆ ಸೇರುತ್ತವೆ.

ಅಕ್ಕನ ಅಂಗಡಿಯ ಮಹಡಿಗೆ ಇದೆಲ್ಲ ಕಾಣುತ್ತಿತ್ತು. "ಕಂಬ ನೆಟ್ಟು ಹಗ್ಗ ಕಟ್ಟಿದ್ದಾಯ್ತು. ಬಟ್ಟೆ ಹರವೋದು ಯಾವಾಗ?" ಎಂದು ಕೇಳುತ್ತಿದ್ದಳು. ಆ ಈಚೆಯ ತೋಳು ನಾನೇ ಅನ್ನುವ ಹಾಗೆ, "ಇವತ್ತು ಎಷ್ಟು ಹತ್ರ ಬಂದೆ?" ಎಂದೂ ಕೇಳುತ್ತಿದ್ದಳು. ನಮ್ಮ ಕಂಪನಿಯ ಕಿತ್ತಳೆ ಬಣ್ಣದ ಅಂಗಿಗಳೆಲ್ಲ ಅವಳ ಅಂಗಡಿಯಲ್ಲೇ ಒಗೆಸಿಕೊಳ್ಳುತ್ತಿದ್ದವು. ಯಾರ ಅಂಗಿಯಲ್ಲಿ ಗ್ರೀಸು ಜಾಸ್ತಿ, ಯಾರ ಜೇಬಲ್ಲಿ ತಂಬಾಕು ಇರುತ್ತದೆ, ನನಗಿಂತ ಅವಳಿಗೇ ಗೊತ್ತಿತ್ತು.

ತೋಳುಗಳು ಸೇರಿದವು. ಅಕ್ಕ ಹೊಸ ಬೂಟು ಕೊಂಡಳು. ಮಂಡಿ ನೋವಿದ್ದರೂ ಮಹಡಿಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದು ಅಭ್ಯಾಸ ಮಾಡುತ್ತಿದ್ದಾಳೆಂದು ಮಗಳು ವರದಿ ತಂದಳು. "ಅಮ್ಮ, ದೊಡ್ಡಮ್ಮ ಒಣಹಾಕಿದ ಚಾದರದ ಮಧ್ಯೆ ಮಧ್ಯೆ ನಡೀತಾರೆ. ಬೂಟು ಕಿರಕಿರ ಅನ್ನುತ್ತೆ."

ಅದೇ ವಾರ ನಮ್ಮ ಉಗ್ರಾಣಕ್ಕೆ ರಸ್ತೆಯ ಫಲಕಗಳು ಬಂದಿಳಿದವು. ವೇಗದ ಮಿತಿ, ಎಡಕ್ಕೆ ತಿರುವು, ಟೋಲ್. ಅವುಗಳ ನಡುವೆ ಇನ್ನೊಂದು: ಪಾದಚಾರಿಗಳಿಗೆ ಪ್ರವೇಶವಿಲ್ಲ.

ನಾನು ದೊಡ್ಡ ಸಾಹೇಬರ ಕೋಣೆಗೆ ಹೋದೆ. ಇಡೀ ಸೇತುವೆ ಕಟ್ಟಿಸುತ್ತಿದ್ದ ಎಂಜಿನಿಯರ್ ಅವರು, ಒಳ್ಳೆಯ ಮನುಷ್ಯ, ನಿದ್ದೆ ಕಂಡು ತಿಂಗಳುಗಳಾದ ಕಣ್ಣು.

"ಮೊದಲ ನಕ್ಷೇಲಿ ಕಾಲುದಾರಿ ಇತ್ತಮ್ಮ," ಎಂದರು. "ಭಾರ ಜಾಸ್ತಿ ಆಗುತ್ತೆ ಅಂತ ಮೇಲಿನವರು ತೆಗೆದುಬಿಟ್ರು. ಈಗ ಬರೀ ಗಾಡಿಗಳಿಗೆ."

"ಉದ್ಘಾಟನೆಗೆ ಮುಂಚೆ ಒಂದೇ ಒಂದು ಸಲ, ಒಬ್ಬರನ್ನ ನಡೆಸ್ಕೊಂಡು ಬರಬಹುದಾ ಸಾಹೇಬ್ರೆ? ನಮ್ಮಕ್ಕ."

"ಒಬ್ಬರಿಗೆ ಬಿಟ್ರೆ ಊರೇ ಬರುತ್ತೆ. ನನ್ನ ಮಾವನೇ ಕೇಳಿದ್ರು, ಆಗಲ್ಲ ಅಂದೆ. ಮನೇಲಿ ಇನ್ನೂ ಯಾರೂ ನನ್ನ ಹತ್ರ ಸರಿಯಾಗಿ ಮಾತಾಡ್ತಿಲ್ಲ. ಬಸ್ಸಲ್ಲಿ ಕರ್ಕೊಂಡು ಬಾರಮ್ಮ ನಿಮ್ಮಕ್ಕನ್ನ. ಕಣ್ಮುಚ್ಚಿ ತೆಗೆಯೋದ್ರೊಳಗೆ ಈಚೆಗಿರ್ತಾರೆ."

ಬಸ್ಸಿಗೆ ಚುಕ್ಕಾಣಿ ಇರುತ್ತದೆ, ಅದು ಇನ್ನೊಬ್ಬರ ಕೈಯಲ್ಲಿರುತ್ತದೆ ಎಂದು ಅವರಿಗೆ ಹೇಗೆ ಹೇಳಲಿ? ಸರಿ ಸಾಹೇಬ್ರೆ ಎಂದು ಹೊರಗೆ ಬಂದೆ. ಆ ಸಂಜೆ ಅಕ್ಕ ಫೋನಿನಲ್ಲಿ, "ಬೂಟು ಹಿಮ್ಮಡಿ ಕಚ್ತಿದೆ, ಆದ್ರೂ ಪಳಗುತ್ತೆ ಬಿಡು," ಎಂದಳು. ಫಲಕದ ವಿಷಯ ನಾನು ಹೇಳಲಿಲ್ಲ. ಬಿಸಿತುಪ್ಪ, ನುಂಗಲಾಗದು, ಉಗುಳಲಾಗದು.

ತೆರೆಯುವ ಮುಂಚೆ ಸೇತುವೆಗೆ ಒಂದು ಪರೀಕ್ಷೆ ಇರುತ್ತದೆ. ಮರಳು ತುಂಬಿದ ಲಾರಿಗಳನ್ನು ಒಂದೊಂದಾಗಿ ತೂಗಿ, ಸೇತುವೆಯ ಮೇಲೆ ಸಾಲಾಗಿ ತಂದು ನಿಲ್ಲಿಸುತ್ತಾರೆ. ಡ್ರೈವರುಗಳೆಲ್ಲ ಇಳಿದು ಹೊರಗೆ ಹೋಗಬೇಕು. ಆ ಭಾರಕ್ಕೆ ನಡುಭಾಗ ಎಷ್ಟು ತಗ್ಗಿತು ಎಂದು ನೋಡುವುದು. ಬಿಸಿಲೇರಿದರೆ ಕಬ್ಬಿಣ ಹಿಗ್ಗಿ ಲೆಕ್ಕ ಕೆಡುತ್ತದೆ, ಆದ್ದರಿಂದ ಮೊದಲ ನೋಟ ಸೂರ್ಯ ಹುಟ್ಟುವ ಮುಂಚೆಯೇ ಆಗಬೇಕು. ಆ ಹೊತ್ತಿನಲ್ಲಿ ಸೇತುವೆಯ ಮೇಲೆ ನರಪಿಳ್ಳೆಯೂ ಇರಬಾರದು. ಇದನ್ನೆಲ್ಲ ಮನೆಯವರಿಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ನಾನೂ ಅಕ್ಕನಿಗೆ ಹೇಳಿರಲಿಲ್ಲ.

ಆದರೆ ಅಕ್ಕ ಬೆಳಗಿನ ಜಾವ ಚಾದರ ಹರವಲು ಮಹಡಿ ಹತ್ತುತ್ತಾಳೆ. ಅವತ್ತು ಹತ್ತಿ ನೋಡಿದರೆ ಸೇತುವೆಯ ಮೇಲೆ ದೀಪ ಹಾಕಿಕೊಂಡು ಸಾಲು ಸಾಲು ಲಾರಿ ಹೋಗುತ್ತಿವೆ.

ನಾನು ಈಚೆ ದಡದ ಏರಿಯ ಮೇಲೆ ಯಂತ್ರ ನಿಲ್ಲಿಸಿಕೊಂಡು ಕೂತಿದ್ದೆ. ಸೇತುವೆಯ ನಟ್ಟನಡುವಿನ ಕಂಬಿಗೆ ಒಂದು ಪುಟ್ಟ ಗಾಜು ಕಟ್ಟಿರುತ್ತೇವೆ. ಯಂತ್ರ ಹುಡುಕುವುದು ಅದನ್ನೇ. ಲಾರಿಗಳು ನಿಂತಾಗಿತ್ತು. ಡ್ರೈವರುಗಳು ನಮ್ಮ ಕಡೆಗೆ ಇಳಿದು ಬಂದು ಚಹಾ ಕುಡಿಯುತ್ತಿದ್ದರು. ಸಾಹೇಬರು ನನ್ನ ಪಕ್ಕದಲ್ಲೇ ನಿಂತಿದ್ದರು.

"ನಡುವಿನದು ಹೇಳಮ್ಮ."

"ಕಾಣ್ತಿಲ್ಲ ಸಾಹೇಬ್ರೆ. ಏನೋ ಅಡ್ಡ ಬಂದಿದೆ."

"ಏನು?"

ಯಂತ್ರದ ಕಣ್ಣನ್ನು ಇನ್ನಷ್ಟು ಹತ್ತಿರಕ್ಕೆ ತಂದೆ. ಕಂಬಿಯಾಚೆಗೆ ಚಾಚಿಕೊಂಡ ಒಂದು ಹಸಿರು ಕೊಡೆ. ಅಂಚಿನಲ್ಲಿ ಒಂದು ಕಡ್ಡಿ ಮುರಿದು ಅಲ್ಲಿ ಬಿಳಿ ದಾರದ ಹೊಲಿಗೆ. ಆ ಹೊಲಿಗೆ ನನಗೆ ಗೊತ್ತು. ನನ್ನ ಶಾಲೆಯ ಚೀಲಕ್ಕೆ ಅದೇ ಹೊಲಿಗೆ ಇತ್ತು.

"ಕೊಡೆ ಸಾಹೇಬ್ರೆ."

"ಕೊಡೆ ತಾನಾಗೇ ಹೋಯ್ತಾ ಅಲ್ಲಿಗೆ? ಯಾರದು?"

"ನಮ್ಮಕ್ಕ."

ಅವರು ವಾಕಿಟಾಕಿ ಬಾಯಿಗೆ ಹಿಡಿದು ಆಚೆ ಗೇಟಿನ ಕಾವಲುಗಾರನನ್ನು ವಿಚಾರಿಸಿಕೊಂಡರು. ಅವನ ದನಿ ಕರಕರ ಎಂದು ಬಂತು. "ಲಂಗರಮ್ಮ ಸಾಹೇಬ್ರೆ. ಅಂಗಿ ಗಂಟು ಹೊತ್ಕೊಂಡು ಬಂದ್ರು. ನನಗೂ ಒಂದು ಕೊಟ್ರು, ಇಸ್ತ್ರಿ ಮಾಡಿದ್ದು. ಎಲ್ಲಾ ದಿನಾನೂ ಬರ್ತಾರಲ್ಲ, ಇಲ್ಲಿನ ಆಫೀಸಿಗೆ ಕೊಟ್ಟು ವಾಪಸ್ ಹೋಗ್ತಾರೆ ಅಂದ್ಕೊಂಡೆ. ಸೀದಾ ಹೋಗ್ಬಿಟ್ರಾ?"

"ಲೆಕ್ಕಕ್ಕೆ ಇನ್ನೊಂದು ಭಾರ ಸೇರಿತು," ಎಂದು ಯಾವನೋ ಡ್ರೈವರು ಹಿಂದಿನಿಂದ ಹೇಳಿದ. ಚಹಾ ಲೋಟಗಳ ಹಿಂದೆ ಕಿಸಕ್ಕೆಂದರು. ಸಾಹೇಬರು ನಗಲಿಲ್ಲ. ಆಕಾಶ ನೋಡಿದರು, ಗಡಿಯಾರ ನೋಡಿದರು, ನನ್ನನ್ನು ನೋಡಿದರು.

"ನಟ್ಟನಡುವೆ ಇದ್ದಾರೆ. ಹಿಂದಕ್ಕೆ ಕಳಿಸಿದ್ರೂ ಅಷ್ಟೇ ದೂರ, ಈಚೆಗೆ ಕರೆದ್ರೂ ಅಷ್ಟೇ ದೂರ," ಎಂದರು. "ಈಚೆಗೇ ಕರ್ಕೊಂಡು ಬಾ ಹೋಗಮ್ಮ. ಹೆಲ್ಮೆಟ್ ಒಂದು ತಗೊಂಡು ಹೋಗು."

ನಾನು ಲಾರಿಗಳ ಪಕ್ಕದ ಕಿರಿದಾದ ಜಾಗದಲ್ಲಿ ಓಡಿದೆ. ಎರಡೂ ಬದಿಗೆ ಕೇಬಲ್ಲುಗಳು ಮೇಲಕ್ಕೆ ಹೋಗಿ ಮಂಜಿನಲ್ಲಿ ಕಾಣೆಯಾಗಿದ್ದವು. ಅಕ್ಕ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಕೊಡೆ, ಅದು ತಲೆಯ ಮೇಲಲ್ಲ. ನೀರು ಕಣ್ಣಿಗೆ ಬೀಳದ ಹಾಗೆ ನದಿಯ ಕಡೆಗೆ ಅಡ್ಡ ಹಿಡಿದಿದ್ದಳು. ಮೊಣಕೈಗೆ ಡಬ್ಬಿಯ ಕ್ಯಾರಿಯರ್ ನೇತಾಡುತ್ತಿತ್ತು. ಮೈಮೇಲೆ ನಮ್ಮದೇ ಕಿತ್ತಳೆ ಅಂಗಿ.

"ಅಕ್ಕ."

"ನೀನ್ಯಾಕೆ ಬಂದೆ? ನಾನೇ ಬರ್ತಿದ್ನಲ್ಲ."

"ನಿಂತುಬಿಟ್ಟಿದ್ದೀಯ."

"ನಿಂತಿಲ್ಲ ಕಣೇ. ನೋಡ್ತಿದ್ದೆ."

"ಕೊಡೆ ಅಡ್ಡ ಹಿಡ್ಕೊಂಡು ಏನು ನೋಡ್ತಿದ್ದೆ?"

"ಕೊಡೆನೇ."

ಹೆಲ್ಮೆಟ್ಟು ಅವಳ ತಲೆಗೆ ಹಾಕಿದೆ. ಗಲ್ಲದ ಪಟ್ಟಿ ಕಟ್ಟಿದೆ. ಚಿಕ್ಕವಳಿದ್ದಾಗ ನನ್ನ ಟೋಪಿಯ ದಾರ ಅವಳು ಕಟ್ಟುತ್ತಿದ್ದಾಗ ನಾನು ಹೇಗೆ ಗಲ್ಲ ಎತ್ತುತ್ತಿದ್ದೆನೋ ಹಾಗೆ ಅವಳೂ ಎತ್ತಿದಳು.

"ಇಷ್ಟು ಲಾರಿ ಯಾಕೆ ನಿಂತಿವೆ? ಒಂದ್ರಲ್ಲೂ ಜನ ಇಲ್ಲ. ಎಲ್ಲಾ ಟೋಲ್ ಕಟ್ಟೋಕೆ ಹೋದ್ರಾ?"

"ಅಕ್ಕ, ಸೇತುವೆ ಇನ್ನೂ ತೆರೆದಿಲ್ಲ. ಇವತ್ತು ಪರೀಕ್ಷೆ."

"ಯಾರಿಗೆ?"

"ಸೇತುವೆಗೆ."

"ಓ," ಎಂದಳು. "ನಾನು ನನಗೇ ಅಂದ್ಕೊಂಡೆ."

ಆಮೇಲೆ ಮೆಲ್ಲಗೆ, "ಇದು ತಗ್ಗುತ್ತಾ?" ಎಂದು ಕೇಳಿದಳು.

ಸುಳ್ಳು ಹೇಳಲು ಬರಲಿಲ್ಲ. "ಆಗ್ಲೇ ತಗ್ಗಿದೆ. ತಗ್ಗಲೇಬೇಕು. ಒದ್ದೆ ಚಾದರ ಹಾಕಿದ್ರೆ ಹಗ್ಗ ತಗ್ಗಲ್ವಾ, ಹಾಗೆ. ಲಾರಿ ಹೋದ್ಮೇಲೆ ತಾನಾಗೇ ಮೇಲೇಳುತ್ತೆ."

ಅಕ್ಕ ಯೋಚಿಸಿದಳು. ಜೀವಮಾನವೆಲ್ಲ ಹಗ್ಗ ಕಟ್ಟಿ ಬಿಚ್ಚಿದವಳು. "ಬಿಗಿಯಾಗಿ ಕಟ್ಟಿದ್ದೇ ಪಟ್ಟಂತ ಕಿತ್ಕೊಳ್ಳೋದು. ತಗ್ಗೋದು ಬಾಳಿಕೆ ಬರುತ್ತೆ," ಎಂದು ತನಗೆ ತಾನೇ ಹೇಳಿಕೊಂಡಳು. ಕೊಡೆ ಮಡಚಿದಳು.

ಮೊದಲ ಸಲ ಕೆಳಗೆ ನೋಡಿದಳು. ನದಿ ಬೂದು ಬಣ್ಣಕ್ಕಿತ್ತು. ದೂರದಲ್ಲಿ ಮೊದಲ ಲಾಂಚು, ಡಬ್ಬಿ ಇಲ್ಲದೆ ಹೊರಟದ್ದು, ಚಾಕಲೇಟಿನ ತುಂಡಿನಷ್ಟು ಕಾಣುತ್ತಿತ್ತು. ನಾನು ಅವಳ ಬೆನ್ನಿನ ಹಿಂದೆ ಕೈ ಚಾಚಿ, ಮುಟ್ಟದೆ ನಿಂತಿದ್ದೆ.

"ಅಪ್ಪ ಎಷ್ಟು ದೊಡ್ಡ ನದೀಲಿ ಕೆಲಸ ಮಾಡ್ತಿದ್ದ," ಎಂದಳು. "ದಡದಲ್ಲಿ ನಿಂತು ನೋಡಿದ್ರೆ ಗೊತ್ತಾಗಲ್ಲ."

ಕೈ ಹಿಡಿಯಲು ಹೋದೆ. ಎಳೆದುಕೊಂಡಳು. "ಬೇಡ. ನೀನು ಕರ್ಕೊಂಡು ಬಂದ ಹಾಗಾಗುತ್ತೆ. ಹಿಂದೆ ಬಾ."

ಹಿಂದೆಯೇ ನಡೆದೆ. ಬೂಟು ಕಿರಕಿರ ಅನ್ನುತ್ತಿತ್ತು. ಒಂದೊಂದು ಲಾರಿ ದಾಟಿದಾಗಲೂ ಅದರ ಚಕ್ರವನ್ನು ಬೆರಳಿಂದ ಮುಟ್ಟಿ, ಮುಂದಿನದಕ್ಕೆ ಹೋಗುತ್ತಿದ್ದಳು. ಒಂದು ಲಾರಿಯ ಹಿಂದೆ 'ಮನೆಯಲ್ಲಿ ಕಾಯುತ್ತಿದ್ದಾರೆ, ನಿಧಾನ' ಎಂದು ಬರೆದಿತ್ತು. ಅದನ್ನು ಜೋರಾಗಿ ಓದಿ, "ನಿಧಾನಾನೇ ಬರ್ತಿದ್ದೀನಲ್ಲಪ್ಪ," ಎಂದು ಲಾರಿಗೆ ಉತ್ತರ ಕೊಟ್ಟಳು. ಎಷ್ಟೋ ವರ್ಷ ಬೆಳಗಾಗೆದ್ದು ಡಬ್ಬಿ ಬಿಚ್ಚುವಾಗ ನನಗೆ ಅವಳ ಕೈ ಮಾತ್ರ ಕಾಣುತ್ತಿತ್ತು. ಅವತ್ತು ಬೆನ್ನು ಕಂಡಿತು. ಸ್ವಲ್ಪ ಬಾಗಿದ, ಬಲಗಡೆ ಒಂದಿಷ್ಟು ತಗ್ಗಿದ ಬೆನ್ನು, ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ಆದದ್ದು. ಅದರಿಂದ ನಾನು ಓದಿದ್ದು, ನನ್ನ ಮಗಳು ಓದುತ್ತಿರುವುದು. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ನಾನು ಆ ಬೆನ್ನನ್ನು ನೋಡಿರಲಿಲ್ಲ. ಕಣ್ಣು ಮಂಜಾಯಿತು, ಒರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಅವಳೇ ಒಗೆದ ಅಂಗಿಯ ತೋಳು.

ಈಚೆ ದಡ ಬಂತು. ಡ್ರೈವರುಗಳು ಎದ್ದು ನಿಂತು ದಾರಿ ಬಿಟ್ಟರು. ಸಾಹೇಬರು ಬೈಯಲು ಬಾಯಿ ತೆರೆದಿದ್ದರು. ಅಕ್ಕನೇ ಮೊದಲು ಮಾತಾಡಿದಳು.

"ನೀವೇನಾ ದೊಡ್ಡ ಸಾಹೇಬ್ರು? ನಿಮ್ಮ ಕಾಲರ್ ನನಗೆ ಚೆನ್ನಾಗಿ ಗೊತ್ತು. ಊಟ ನಿದ್ದೆ ಸರಿಯಾಗಿ ಮಾಡಿ ಸ್ವಲ್ಪ. ಒಂದು ವರ್ಷದಲ್ಲಿ ಅಂಗಿ ಎರಡು ಅಳತೆ ಚಿಕ್ಕದಾಗಿದೆ."

ತೆರೆದ ಬಾಯಿ ಹಾಗೇ ಮುಚ್ಚಿತು. "ಕೂತ್ಕೊಳ್ಳಿ," ಎಂದರು. ತಮ್ಮ ಕುರ್ಚಿಯನ್ನೇ ಸರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಬೇಗ ನೋಡಮ್ಮ, ಬೆಳಕಾಗ್ತಿದೆ. ಮುಂದಿನ ನೋಟಕ್ಕೆ ಮುಂಚೆ ಮನೆಗೆ ಕರ್ಕೊಂಡು ಹೋಗಿ ಬಾ. ಸಂಜೆ ಲಾರಿ ಇಳಿಸಿದ್ಮೇಲೆ ಇದೇ ದಾರೀಲಿ ವಾಪಸ್ ಕಳಿಸೋಣ, ಹೆಲ್ಮೆಟ್ ಇರಲಿ. ಮತ್ತೆ," ಎಂದು ದನಿ ತಗ್ಗಿಸಿದರು, "ನನ್ನ ಮಾವನಿಗೆ ಮಾತ್ರ ಇದು ಗೊತ್ತಾಗಬಾರದು."

ಯಂತ್ರದಲ್ಲಿ ಕಣ್ಣಿಟ್ಟೆ. ಗಾಜು ಮಿನುಗಿತು. ಎಷ್ಟು ತಗ್ಗಬೇಕಿತ್ತೋ ಅಷ್ಟೇ ತಗ್ಗಿತ್ತು.

ಸೇತುವೆಯ ದಾರಿ ಶುರುವಾಗುವಲ್ಲಿ ಕೆಲಸದವರಿಬ್ಬರು ಆ ಫಲಕ ನೆಡುತ್ತಿದ್ದರು. ಅಕ್ಕ ನಿಂತು ಓದಿದಳು. ನನ್ನ ಮುಖ ನೋಡಿದಳು. ಇಷ್ಟು ದಿನ ನಾನು ನುಂಗಿಕೊಂಡಿದ್ದು ಏನೆಂದು ಅವಳಿಗೆ ಗೊತ್ತಾಯಿತು.

"ಇದು ಯಾರಿಗೆ?" ಎಂದು ಅವರನ್ನೇ ಕೇಳಿದಳು.

"ಇನ್ಮೇಲೆ ಬರೋರಿಗಮ್ಮ."

"ಹಾಗಾದ್ರೆ ಸರಿ," ಎಂದಳು.

ಟೈರಿನಂಗಡಿಯ ಹಿಂದಿನ ನಮ್ಮ ಎರಡು ಕೋಣೆಗೆ ಅಕ್ಕ ಹೆಲ್ಮೆಟ್ಟು ಹಾಕಿಕೊಂಡೇ ಬಂದಳು. ಚಾದರದ ಮೂಲೆ ಎತ್ತಿ ನೋಡಿದಳು, ಗಂಜಿ ಸಾಲದು ಎಂದಳು. ಕಿಟಕಿಯ ಹೊರಗೆ ಬರೀ ಟೈರುಗಳ ರಾಶಿ. "ನದಿ ಕಾಣಲ್ವಾ?" ಇಲ್ಲ ಎಂದೆ. "ಒಳ್ಳೇದು." ಮಧ್ಯಾಹ್ನದ ಬಿಡುವಿಗೆ ಓಡಿ ಬಂದ ಮಗಳು ಬಾಗಿಲಲ್ಲೇ ಕಂಬವಾದಳು.

"ದೊಡ್ಡಮ್ಮ, ಬಸ್ಸಲ್ಲಿ ಬಂದ್ರಾ?"

"ಬಸ್ಸು ಇನ್ನೂ ಎಲ್ಲಿದೆ? ನಾನೇ ಫಸ್ಟು."

ಸೇತುವೆ ತೆರೆದ ಮೇಲೆ ಲಾಂಚು ನಿಂತಿತು. ಡಬ್ಬಿ ಈಗ ಮೊದಲ ಬಸ್ಸಿನಲ್ಲಿ ಬರುತ್ತದೆ. ತರುವವನು ಅದೇ ಲಾಂಚಿನಣ್ಣ, ಈಗ ಬಸ್ಸಿನ ಕಂಡಕ್ಟರ್. ಅಕ್ಕ ಬಸ್ಸು ಹತ್ತಿಲ್ಲ. ರಜೆಗೆ ನಾವೇ ಹೋಗುತ್ತೇವೆ, ಸೇತುವೆಯ ನಡುವೆ ಬಂದಾಗ ಮಗಳು ಕಿಟಕಿಗೆ ಮೂಗು ಒತ್ತಿ, "ಇಲ್ಲಿ ಅಲ್ವಾ ಕೊಡೆ?" ಅನ್ನುತ್ತಾಳೆ. ಅಕ್ಕ ಆಚೆ, ನಾನು ಈಚೆ, ಮೊದಲಿನ ಹಾಗೆಯೇ. ನನಗೆ ದೂರು ಇಲ್ಲ.

ನಡೆದು ಬಂದ ಆ ದಿನ ಅಕ್ಕ ತಂದಿದ್ದ ಡಬ್ಬಿ ಬಿಚ್ಚಲು ನಾನು ಬಿಡಲಿಲ್ಲ. ಅನ್ನ ಮಾಡಿದೆ, ಬೇಳೆ ಬೇಯಿಸಿದೆ, ಮೊಟ್ಟೆ ಬೇಯಿಸಿದೆ. ಅವಳನ್ನು ಕೂರಿಸಿದೆ. ತಟ್ಟೆ ಇಟ್ಟು, ಎದುರಿಗೆ ನಿಂತು ಬಡಿಸಿದೆ. ಅವಸರಕ್ಕೆ ಒಂದಿಷ್ಟು ನೆಲಕ್ಕೂ ಬಿತ್ತು. ಅಕ್ಕ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು.

"ಉಪ್ಪು ಕಮ್ಮಿ," ಎಂದಳು. ಎರಡನೇ ಸಲ ಹಾಕಿಸಿಕೊಂಡಳು.

ಲಾರಿ ದಾಟಿದ ದಿನ ನಡೆದು ಬಂದು ನಿನ್ನ ಮನೆಯಲ್ಲಿ ಕೂತು ಊಟ ಮಾಡುತ್ತೇನೆ ಎಂದಿದ್ದಳು. ಬಂದಳು, ಕೂತಳು, ಊಟ ಮಾಡಿದಳು.